ಏಳು ಸಲ ಕಳೆದ ಕಂಬಳಿ

ಯಾರೇ ಆಗಲಿ, ಒಂದು ಕಂಬಳಿಯನ್ನು ಒಂದು ಸಲ ಕಳೆಯಬಲ್ಲರು. ನಮ್ಮಣ್ಣ ಒಂದೇ ಕಂಬಳಿಯನ್ನು ಏಳು ಸಲ ಕಳೆದ ಮಹಾನುಭಾವ! ಅದೂ ಶಿರಾ ಸಂತೆಯಲ್ಲೋ ತುಮಕೂರಿನ ಮೋಟಾರಿನಲ್ಲೋ ಅಲ್ಲ, ಯೂರೋಪು ಖಂಡದ ಏಳು ಬೇರೆ ಬೇರೆ ಜಾಗಗಳಲ್ಲಿ. ಒಂದು ಸಲ ಫ್ರಾನ್ಸಿನ ಸಮುದ್ರದಲ್ಲಿ, ಒಂದು ಸಲ ಪ್ಯಾರಿಸ್ಸಿನ ತೋಟದಲ್ಲಿ, ಮತ್ತೊಂದು ಸಲ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟದ ಮೇಲೆ. ನೀವು ನಂಬದಿದ್ದರೆ ನನ್ನ ತಕರಾರೇನೂ ಇಲ್ಲ, ನಾನೂ ನಂಬಿದವನಲ್ಲ. ಆದರೆ ಏಳು ಕಥೆಗಳನ್ನೂ ಅವ್ವನ ಜೊತೆಗೇ ಕೇಳಿದ್ದೇನೆ, ನಕ್ಕಿದ್ದೇನೆ, ನಕ್ಕಾದ ಮೇಲೆ ಹಿತ್ತಿಲಿಗೆ ಹೋಗಿ ಹಲ್ಲು ಕಡಿದಿದ್ದೇನೆ. ಯಾಕೆ ಕಡಿದೆ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ಬರೀ ನಗುತ್ತಾ ಕೂತುಬಿಡುತ್ತೀರಿ.

ಶಿರಾದಿಂದ ಪಟ್ಟನಾಯಕನಹಳ್ಳಿಯ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ನಾವು ಕಂಬಳಿ ನೇಯುವ ಕುರುಬರು. ಅಪ್ಪ ನೇಯುತ್ತಿದ್ದ, ಅವ್ವ ನೂಲುತ್ತಿದ್ದಳು, ನಾವಿಬ್ಬರು ಗಂಡುಮಕ್ಕಳು ಉಣ್ಣೆಯಿಂದ ಕಸ ಹೆಕ್ಕುತ್ತಿದ್ದೆವು. ನಮ್ಮ ಮನೆಯ ಹೆಂಗಸರಲ್ಲಿ ಒಂದು ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿತ್ತು. ತನ್ನ ಕೊನೆಯ ಕಂಬಳಿಗೆ ತಾನೇ ನೂಲಬೇಕು. ಮರಿಗಳ ಮೈಮೇಲಿಂದ ಮೊದಲ ಸಲ ಕತ್ತರಿಸಿದ ಮೆತ್ತನೆಯ ಉಣ್ಣೆಯನ್ನು ಕೂಡಿಟ್ಟು, ಬಿಡುವಾದಾಗಲೆಲ್ಲ ನೂತು, ಗಂಡನ ಕೈಯಲ್ಲೋ ಮಗನ ಕೈಯಲ್ಲೋ ನೇಯಿಸಿ, ಬೇವಿನ ಸೊಪ್ಪು ಹಾಕಿ ಪೆಟ್ಟಿಗೆಯಲ್ಲಿ ಇಡಬೇಕು. ಅದನ್ನು ಯಾರೂ ಹೊದೆಯುವಂತಿಲ್ಲ. ಅವಳು ಕಣ್ಣು ಮುಚ್ಚಿದ ದಿನ ಹಿರಿಯ ಮಗ ಅದನ್ನು ತೆಗೆದು ಅವಳಿಗೆ ಹೊದಿಸುತ್ತಾನೆ. ಅವ್ವನ ಕಂಬಳಿಯನ್ನು ಅಪ್ಪನೇ ನೇಯ್ದಿದ್ದ. ಕಪ್ಪು ಕಂಬಳಿ, ಅಂಚಿಗೆ ಎರಡು ಬಿಳಿ ಪಟ್ಟೆ. ಒಂದು ಕಡೆ ಪಟ್ಟೆ ಸ್ವಲ್ಪ ಸೊಟ್ಟಗಾಗಿತ್ತು. ನೇಯುವಾಗ ಸೀನು ಬಂತು ಅಂತ ಅಪ್ಪ, ಸೀನಲ್ಲ ನಿದ್ದೆ ಅಂತ ಅವ್ವ. ಈ ವಾದ ಅಪ್ಪ ಸಾಯುವ ತನಕ ಮುಗಿಯಲಿಲ್ಲ. ಅವನು ಹೋದ ಮೇಲೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ಹಲಗೆಯ ಮೇಲೆ ರಾಗಿ ಮೂಟೆ ಇಟ್ಟೆವು.

ಅಣ್ಣ ಓದಿನಲ್ಲಿ ಚುರುಕು. ಮೊದಲನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿತ್ತು. ಮಹಾರಾಜರ ಸರ್ಕಾರದವರು ವಿದ್ಯಾರ್ಥಿವೇತನ ಕೊಟ್ಟು, ವಿಲಾಯಿತಿಯ ಯಾರ್ಕ್‌ಷೈರ್ ಸೀಮೆಯ ಉಣ್ಣೆ ಗಿರಣಿಗಳ ಊರಿಗೆ ಮೂರು ವರ್ಷ ಓದಿ ಬರಲು ಅವನನ್ನು ಆರಿಸಿದರು. ಊರಿಗೆ ಊರೇ ಬೆರಗಾಯಿತು. ಉಣ್ಣೆ ವಿಷಯ ಕಲಿಯಲು ಕುರುಬರ ಹುಡುಗ ಸಮುದ್ರ ದಾಟಬೇಕೆ? ಅವ್ವ ಬೆರಗಾಗಲಿಲ್ಲ. ಅವಳು ಕೇಳಿದ್ದು ಒಂದೇ ಮಾತು, ಅಲ್ಲಿ ಚಳಿ ಎಷ್ಟು ಅಂತ. ಅಣ್ಣ ಹುರುಪಿನಲ್ಲಿ ಹಿಮ, ಗಡ್ಡೆ ಕಟ್ಟುವ ಕೆರೆ, ಉಸಿರು ಹೊಗೆಯಾಗುವುದು ಎಲ್ಲವನ್ನೂ ವರ್ಣಿಸಿಬಿಟ್ಟ. ಹೊರಡಲು ಎರಡೇ ದಿನ ಉಳಿದಿತ್ತು. ಎರಡು ದಿನದಲ್ಲಿ ಒಳ್ಳೆಯ ಕಂಬಳಿ ಎಲ್ಲಿ ಹುಟ್ಟುತ್ತದೆ? ಅಣ್ಣ ಶಿರಾಕ್ಕೆ ಹೋಗಿದ್ದ ಹೊತ್ತು ನೋಡಿ ಅವ್ವ ಪೆಟ್ಟಿಗೆ ತೆರೆದಳು. ಮುಚ್ಚಳ ಹಿಡಿದು ನಿಂತಿದ್ದವನು ನಾನು.

"ಅವನ್ಗೆ ಹೇಳ್ಬ್ಯಾಡ ಕಣ್ಲಾ ಚಿಕ್ಕೋನೆ. ತಿಳಿದ್ರೆ ಹೊದೆಯಾಕಿಲ್ಲ" ಅಂದಳು. "ನಾನೇನ್ ನಾಳೇನೇ ಸಾಯ್ತೀನಾ? ಇನ್ನೊಂದು ನೂಲ್ಕಂತೀನಿ."

ನಾನು ಹೇಳಲಿಲ್ಲ. ಅಪ್ಪನ ನೇಯ್ಗೆಯಲ್ಲಿ ಅಂಚು ಸೊಟ್ಟಗಾಗುವುದು ಹೊಸದಲ್ಲವಾದ್ದರಿಂದ, ಅವನು ನೇಯ್ದ ಬೇರೊಂದು ಕಂಬಳಿ ಅಂತ ಅವ್ವ ಅಂದದ್ದನ್ನು ಅಣ್ಣ ನಂಬಿದ. ಅಣ್ಣ ಆ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಡಬ್ಬಿ ರಾಗಿ ಹಿಟ್ಟು, ಒಂದು ಡಬ್ಬಿ ಹುರಿಹಿಟ್ಟು ಹೊತ್ತುಕೊಂಡು ಹೊರಟುಹೋದ.

ಅವನ ಕಾಗದಗಳನ್ನು ಅವ್ವನಿಗೆ ಓದಿ ಹೇಳುವುದು ನನ್ನ ಕೆಲಸವಾಯಿತು. ಮೊದಲನೆಯ ಕಾಗದದಲ್ಲೇ ಕಂಬಳಿಯ ಪ್ರತಾಪ ಬಂತು. ಆ ಊರಿನಲ್ಲಿ ಮಳೆ ನಮ್ಮಲ್ಲಿಯ ಹಾಗೆ ವರ್ಷಕ್ಕೆ ನಾಲ್ಕು ದಿನ ಬಂದು ಮುಖ ತೋರಿಸಿ ಹೋಗುವ ಜಾತಿಯದಲ್ಲ, ಮನೆ ಅಳಿಯನಂತೆ ಠಿಕಾಣಿ ಹೂಡಿರುತ್ತದಂತೆ. ಅಣ್ಣ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಟ್ರಾಮು ಹತ್ತಿದ. ನಮ್ಮ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರಲ್ಲ, ಅದು ನೆನೆದರೆ ಕುರಿಹಟ್ಟಿಯ ವಾಸನೆಗೆ ಹುಳಿವಾಸನೆಯೂ ಸೇರುತ್ತದೆ. ಎರಡು ನಿಲ್ದಾಣ ಕಳೆಯುವ ಹೊತ್ತಿಗೆ ಟ್ರಾಮಿನಲ್ಲಿ ಉಳಿದವರು ಅಣ್ಣ ಮತ್ತು ಟ್ರಾಮು ನಡೆಸುವವನು. ಅವನಿಗೂ ಇಳಿಯುವ ಮನಸ್ಸಿತ್ತಂತೆ, ಕೆಲಸ ಹೋಗುತ್ತದೆಂದು ಕೂತಿದ್ದನಂತೆ.

ಎರಡನೆಯ ಕಾಗದದಿಂದ ಕಂಬಳಿಯ ಜೊತೆಗೆ ಇನ್ನೊಬ್ಬರು ಸೇರಿಕೊಂಡರು. ಅಣ್ಣ ಬಾಡಿಗೆಗಿದ್ದ ಮನೆಯ ಒಡತಿ. ವಯಸ್ಸಾದ ಹೆಂಗಸು, ಒಂಟಿ. ಇಬ್ಬರು ಗಂಡುಮಕ್ಕಳೂ ಯುದ್ಧಕ್ಕೆ ಹೋಗಿ ಫ್ರಾನ್ಸಿನ ಮಣ್ಣಿನಲ್ಲೇ ಉಳಿದಿದ್ದರು. ಅವರ ಪಟಗಳು ಒಲೆಯ ಮೇಲಿನ ಗೂಡಿನಲ್ಲಿದ್ದವು. ಅಣ್ಣ ಅವಳನ್ನು ಕಾಗದದಲ್ಲಿ "ಮನೆಯಮ್ಮ" ಅಂತಲೇ ಬರೆಯುತ್ತಿದ್ದ. ಅವಳು ಪ್ರತಿದಿನ ಬೆಳಿಗ್ಗೆ ಮಂಡಿಯೂರಿ ಕೂತು ಹೊಸಿಲ ಕಲ್ಲನ್ನು ತೊಳೆದು, ಬಿಳಿ ಕಲ್ಲಿನಿಂದ ಅಂಚು ಉಜ್ಜಿ ಬೆಳ್ಳಗೆ ಮಾಡುತ್ತಾಳೆ, ಆ ಬೀದಿಯವರೆಲ್ಲ ಹಾಗೇ ಮಾಡುತ್ತಾರೆ ಅಂತ ಓದಿದಾಗ ಅವ್ವ ನೂಲುವುದನ್ನು ನಿಲ್ಲಿಸಿ ಇನ್ನೊಂದು ಸಲ ಓದಿಸಿದಳು.

"ಹೊಸಿಲು ಸಾರಿಸ್ತಾಳಾ? ಅಂಗಾದ್ರೆ ಒಳ್ಳೇ ಮನೆತನದೋಳು. ನಮ್ಮುಡುಗನ್ಗೆ ಏನೂ ಭಯ ಇಲ್ಲ."

ಮನೆಯಮ್ಮನಿಗೆ ಅಣ್ಣ ಒಂದು ಭಾನುವಾರ ಮುದ್ದೆ ಮಾಡಿ ಬಡಿಸಿದನಂತೆ. ಅವಳು ಮರ್ಯಾದೆಗೆ ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದಳು. ಅಗಿದಳು, ಅಗಿದಳು, ಚರ್ಚಿನ ಗಂಟೆ ಹೊಡೆಯುವ ತನಕ ಅಗಿದಳು! ಅಗಿಯಬಾರದು ತಾಯಿ, ನುಂಗಬೇಕು ಅಂತ ಅಣ್ಣ ತಾನೇ ನುಂಗಿ ತೋರಿಸಿದ. ಆರು ತಿಂಗಳು ಕಳೆಯುವ ಹೊತ್ತಿಗೆ ಅವಳು ಸೊಗಸಾಗಿ ನುಂಗುತ್ತಿದ್ದಳಂತೆ. ಪಕ್ಕದ ಮನೆಯವರು ಬಂದಾಗ ಅವರಿಗೂ ನುಂಗುವುದನ್ನು ಕಲಿಸಲು ಹೋಗಿ ಗಂಟಲಿಗೆ ಮುದ್ದೆ ಸಿಕ್ಕ ಒಬ್ಬರನ್ನು ಸ್ವಲ್ಪದರಲ್ಲೇ ಉಳಿಸಿಕೊಂಡಳಂತೆ. ರಜೆಯಲ್ಲಿ ಅಣ್ಣ ಅವಳನ್ನು ರೈಲಿನಲ್ಲಿ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದ. ಅಲ್ಲಿಯ ಜನ ಗಾಳಿಯಲ್ಲಿ ಗಡಗಡ ನಡುಗುತ್ತಾ ಮರಳ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಎಂಥ ಒಳ್ಳೆಯ ದಿನ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ಕಂಬಳಿ ಒಂದೇ, ಕೂತವರು ಇಬ್ಬರು. ಇವನು ಅರ್ಧ, ಅವಳು ಅರ್ಧ ಹೊದ್ದುಕೊಂಡು ಸಮುದ್ರ ನೋಡಿದರು. ಅದನ್ನು ಕೇಳಿ ಅವ್ವ ನನ್ನ ಮುಖ ನೋಡಿದಳು. ನಾನು ಕಾಗದ ಮಡಿಸಿದೆ.

ಮೂರನೆಯ ಚಳಿಗಾಲದ ಕಾಗದಗಳು ಚಿಕ್ಕವಾದವು. ಪರೀಕ್ಷೆಯ ಗಲಾಟೆ ಅಂದುಕೊಂಡೆವು. ಆಮೇಲೆ ಅಣ್ಣನೇ ಬಂದ.

ಶಿರಾದಲ್ಲಿ ಮೋಟಾರಿನಿಂದ ಇಳಿದವನನ್ನು ನೋಡಿ ನಾನು ಯಾರೋ ಅಮಲ್ದಾರರೆಂದು ಕೈ ಮುಗಿದುಬಿಟ್ಟೆ. ತಲೆಗೆ ಟೋಪಿ, ಕೊರಳಿಗೆ ಟೈ, ಮೈಮೇಲೆ ಮೊಣಕಾಲು ಮುಟ್ಟುವ ದಪ್ಪ ಕಂದು ಕೋಟು. ಚೈತ್ರ ಮಾಸ, ನೆಲದ ಮೇಲೆ ಬರಿಗಾಲು ಇಡುವ ಹಾಗಿಲ್ಲ, ಇವನು ಆ ಕೋಟಿನೊಳಗೆ ಬೇಯುತ್ತಾ ನಗುತ್ತಿದ್ದಾನೆ. ಕೋಟು ಅವನ ಅಳತೆಯದೂ ಅಲ್ಲ, ತೋಳು ಬೆರಳ ತುದಿಯವರೆಗೆ ಬಂದಿತ್ತು. ಮನೆಗೆ ಬಂದು ಅವ್ವನ ಕಾಲು ಮುಟ್ಟಿದ. ಅವ್ವ ಅವನ ತಲೆ, ಕೆನ್ನೆ, ಭುಜ ಎಲ್ಲ ಸವರಿದಳು. ಆಮೇಲೆ ಅವನ ಸಾಮಾನಿನ ಕಡೆ ತಿರುಗಿ, "ಕಂಬ್ಳಿ ಎಲ್ಲಪ್ಪಾ ದೊಡ್ಡೋನೆ?" ಅಂದಳು.

ಅಣ್ಣ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಆಮೇಲೆ ಮೊದಲನೆಯ ಕಥೆ ಬಂತು. ಹಡಗು ಫ್ರಾನ್ಸಿನ ಮಾರ್ಸೇಲ್ಸ್ ಬಂದರು ಬಿಟ್ಟ ಮೇಲೆ ಕಂಬಳಿಯನ್ನು ಬಿಸಿಲಿಗೆ ಹರಡಿದ್ದನಂತೆ, ಗಾಳಿ ಎತ್ತಿಕೊಂಡು ಹೋಗಿ ಸಮುದ್ರಕ್ಕೆ ಹಾಕಿತಂತೆ, ಕಪ್ತಾನನಿಗೆ ಹಡಗು ತಿರುಗಿಸು ಅಂದರೆ ಅವನು ಒಪ್ಪಲಿಲ್ಲವಂತೆ.

"ಸಮುದ್ರಕ್ಕೂ ಚಳಿ ಆಗಿತ್ತೇನೋ, ಬುಡು" ಅಂದಳು ಅವ್ವ.

ಎಲ್ಲರೂ ನಕ್ಕರು. ನಕ್ಕಿದ್ದೇ ತಪ್ಪಾಯಿತು. ಒಂದು ಸಲ ನಕ್ಕರೆ ನಮ್ಮಣ್ಣನಂಥವನು ಬಿಡುತ್ತಾನೆಯೇ? ತಿಂಗಳು ಕಳೆದ ಮೇಲೆ ನಮ್ಮ ಸೋದರತ್ತೆ ಬಂದು ಕಂಬಳಿಯ ವಿಷಯ ಕೇಳಿದಾಗ ಸಮುದ್ರ ಮಾಯವಾಗಿ ಪ್ಯಾರಿಸ್ ಬಂತು. ಕಾಲೇಜಿನ ಹುಡುಗರ ಜೊತೆ ಅಲ್ಲಿಗೆ ಹೋದವನು ಒಂದು ತೋಟದಲ್ಲಿ ಕಂಬಳಿ ಹಾಸಿಕೊಂಡು ಹುರಿಹಿಟ್ಟು ಕಲಸುತ್ತಿದ್ದನಂತೆ. ಚಿತ್ರ ಬರೆಯುವವನೊಬ್ಬ ಬಂದು ಇವನಿಗೆ ಕಂಬಳಿ ಹೊದಿಸಿ ಕೂರಿಸಿ ಚಿತ್ರ ಬರೆದನಂತೆ. ಚಿತ್ರವನ್ನು ಇವನಿಗೆ ಕೊಟ್ಟು ಕಂಬಳಿಯನ್ನು ತಾನಿಟ್ಟುಕೊಂಡನಂತೆ.

"ಚಿತ್ರ ಎಲ್ಲಿ?" ಅಂದೆ ನಾನು.

"ಅದು ಸಮುದ್ರಕ್ಕೆ ಬಿತ್ತು" ಅಂದ!

ಅವ್ವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ವಿಟ್ಜರ್ಲೆಂಡಿನ ಕಥೆ. ರಜೆಯಲ್ಲಿ ಅಲ್ಲಿಯ ಬೆಟ್ಟ ಹತ್ತಿದನಂತೆ. ಎಷ್ಟು ಎತ್ತರ ಅಂದರೆ, ನಮ್ಮ ಮಧುಗಿರಿ ಬೆಟ್ಟದ ಮೇಲೆ ಮಧುಗಿರಿ ಬೆಟ್ಟ ಇಡುತ್ತಾ ಹೋಗಿ ಎಣಿಕೆ ತಪ್ಪಿದಷ್ಟು. ಮೇಲೆ ಒಬ್ಬ ಕುರಿ ಕಾಯುವ ಮುದುಕ ಸಿಕ್ಕಿದ. ಅವನ ಮಾತು ಇವನಿಗೆ ಬಾರದು, ಇವನ ಮಾತು ಅವನಿಗೆ ಬಾರದು. ಇಬ್ಬರೂ ಮಂದೆಯ ಮುಂದೆ ನಿಂತು ತಂತಮ್ಮ ಭಾಷೆಯಲ್ಲಿ ಕುರಿ ಎಣಿಸಿದರಂತೆ. ಮುಗಿದಾಗ ಬೆರಳು ತೋರಿಸಿಕೊಂಡರೆ ಲೆಕ್ಕ ಒಂದೇ! ಸಂತೋಷಕ್ಕೆ ಅಪ್ಪಿಕೊಂಡು ಕಂಬಳಿಯನ್ನು ಅವನ ಹೆಗಲಿಗೆ ಹಾಕಿ ಬಂದನಂತೆ. ಅಲ್ಲಿ ತೋಳ ಉಂಟೇ, ಮರಿ ಹಾಕುವುದು ಯಾವ ತಿಂಗಳು, ಅಷ್ಟು ಚಳಿಯಲ್ಲಿ ಉಣ್ಣೆ ಕತ್ತರಿಸಿದರೆ ಕುರಿ ಬದುಕುತ್ತದೆಯೇ ಅಂತ ಅವ್ವ ಗಂಟೆಗಟ್ಟಲೆ ಕೇಳಿದಳು. ಮುಂದಿನ ವರ್ಷಗಳಲ್ಲಿ ಎಷ್ಟೋ ಸಲ "ಆ ಕುರಿ ಎಣ್ಸಿದ್ ಕತೆ ಹೇಳು" ಅಂತ ಹೇಳಿಸಿಕೊಂಡಳು.

ಒಂದು ವಿಷಯ ಮಾತ್ರ ಗಮನಿಸುವಂತಿತ್ತು, ಆದರೆ ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ. ಪ್ರತಿ ಕಥೆ ಮುಗಿದ ಮೇಲೂ ಅವ್ವ ಒಂದು ಪ್ರಶ್ನೆ ಕೇಳುತ್ತಿದ್ದಳು. "ಅಲ್ಲಪ್ಪಾ, ನೀನು ಹೊರಡೋವಾಗ ಆ ಮನೆಯಮ್ಮ ಏನಂದ್ಲು?" ಅಣ್ಣ ಆಗೆಲ್ಲ ಬಾಯಾರಿಕೆ ಅಂತ ನೀರು ಕುಡಿಯಲು ಎದ್ದು ಹೋಗುತ್ತಿದ್ದ. ಅವನ ತಿಕ್ಕಲುಗಳ ಪಟ್ಟಿಗೆ ನಾನು ಅದನ್ನೂ ಸೇರಿಸಿಕೊಂಡಿದ್ದೆ.

ಪಟ್ಟಿ ಚಿಕ್ಕದೇನೂ ಆಗಿರಲಿಲ್ಲ. ಸರ್ಕಾರದವರು ಅವನನ್ನು ಕಂಬಳಿ ನೇಯ್ಗೆಯ ಇನ್‌ಸ್ಪೆಕ್ಟರ್ ಮಾಡಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕುಗಳನ್ನು ಕೈಗೆ ಕೊಟ್ಟಿದ್ದರು. ಸೈಕಲ್ಲಿನ ಮೇಲೆ ತಿರುಗುತ್ತಿದ್ದ. ಎದುರಿಗೆ ಹೆಂಗಸರು ಬಂದರೆ ಟೋಪಿ ಎತ್ತುತ್ತಿದ್ದ. ಅವರು ಕೊಡ ಕೆಳಗಿಟ್ಟು ಓಡಿಹೋಗುತ್ತಿದ್ದರು. ಒಂದು ಭಾನುವಾರ ಪಿಕ್ನಿಕ್ ಅಂತ ಮನೆ ಮಂದಿಯನ್ನೆಲ್ಲ ಗಾಡಿಯಲ್ಲಿ ಹೊರಡಿಸಿಕೊಂಡು, ಬುತ್ತಿ ಕಟ್ಟಿಸಿ ಮಧುಗಿರಿ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಸಿಕ್ಕವರೆಲ್ಲ ಯಾವ ದೇವರ ಹರಕೆ ಅಂತ ಕೇಳಿದರು. ಹರಕೆ ಇಲ್ಲ, ಸುಮ್ಮನೆ ಉಣ್ಣಲು ಹೊರಟಿದ್ದೇವೆ ಅಂದರೆ, ಮನೆಯಲ್ಲಿ ಏನಾಯಿತು ಪಾಪ ಅಂತ ಮರುಗಿದರು.

ಇನ್ನು ಆ ಕೋಟು! ಬೇಸಿಗೆಯಲ್ಲೂ ಅದನ್ನು ಬಿಡಲಿಲ್ಲ. ಮೈಗೆ ಹಾಕಿಕೊಳ್ಳದಿದ್ದರೆ ಸೈಕಲ್ಲಿಗಾದರೂ ಕಟ್ಟಿಕೊಂಡಿರುತ್ತಿದ್ದ. ಪಾವಗಡದ ಕಡೆ ಒಂದು ಹಳ್ಳಿಯಲ್ಲಿ ಮುದುಕ ನೇಕಾರನೊಬ್ಬ "ಇಂತ ಎಂಡಲೋ ಆ ಕೋಟು ಎಂದುಕಯ್ಯಾ?" ಅಂತ ಬಿಸಿಲು ತೋರಿಸಿ ತೆಲುಗಿನಲ್ಲಿ ಕೇಳಿದನಂತೆ. ಬಿಸಿಲು ಅನ್ನುವುದು ಮನಸ್ಸಿನಲ್ಲಿರುತ್ತದೆ ತಾತ ಅಂತ ಅಣ್ಣ ಉಪದೇಶ ಮಾಡಿ, ಎದ್ದು ನಿಂತವನು ಹಾಗೇ ಮೂರ್ಛೆ ಹೋದ. ಮುಖಕ್ಕೆ ನೀರು ತಟ್ಟಿ ಎಬ್ಬಿಸಿದರೆ ಬಾಯಿಂದ ಬಂದ ಮೊದಲ ಮಾತು "ಸಾರಿ".

ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕಾದ ಮೇಲೆ ಹಿತ್ತಿಲಿಗೆ ಹೋಗುತ್ತಿದ್ದೆ. ಇನ್ನೊಂದು ನೂಲಿಕೊಳ್ಳುತ್ತೇನೆ ಅಂದಿದ್ದ ಅವ್ವ ನಿಜವಾಗಿಯೂ ನೂಲುತ್ತಿದ್ದಳು. ಒಂದು ಸಲ ಕೂಡಿದ ನೂಲು ನನ್ನ ಮಗಳು ಹುಟ್ಟಿದಾಗ ಮಗುವಿನ ಕಂಬಳಿಯಾಯಿತು. ಇನ್ನೊಂದು ಸಲ ಕೂಡಿದ್ದನ್ನು ಬಾಣಂತಿಯಾಗಿದ್ದ ನನ್ನ ಹೆಂಡತಿಯ ಬೆನ್ನಿಗೆ ಅಂತ ಕೊಟ್ಟುಬಿಟ್ಟಳು. ಅಷ್ಟರಲ್ಲಿ ಎರಡು ಕಣ್ಣಿಗೂ ಪೊರೆ ಬಂತು. ಆಮೇಲೆ ಬೆರಳಿನ ಅಂದಾಜಿನ ಮೇಲೆ ನೂಲತೊಡಗಿದಳು. ಎಳೆ ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ನಾನು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ರಜೆಗೆ ಬಂದಾಗಲೆಲ್ಲ ಅವಳು ಜಗಲಿಯ ಮೇಲೆ ಕೂತು, ಕಾಣದ ಕಣ್ಣನ್ನು ಎಲ್ಲೋ ನೆಟ್ಟು, ಕದಿರು ತಿರುಗಿಸುತ್ತಿರುವುದನ್ನು ನೋಡಬೇಕಾಗುತ್ತಿತ್ತು. ಪಕ್ಕದಲ್ಲೇ ಅಣ್ಣ ಕೋಟು ಹಾಕಿಕೊಂಡು ಐದನೆಯ ಸಲವೋ ಆರನೆಯ ಸಲವೋ ಅವಳ ಕಂಬಳಿಯನ್ನು ಕಳೆಯುತ್ತಿದ್ದ. ಇವನಿಗೆ ಹೇಳಿಬಿಡಲೇ ಅನ್ನಿಸುತ್ತಿತ್ತು. ಅವ್ವನ ಮಾತು ಬಾಯಿ ಕಟ್ಟುತ್ತಿತ್ತು.

ಕೊನೆಗೆ ಒಂದು ಕಾರ್ತಿಕದಲ್ಲಿ ಅವ್ವ ಹಿತ್ತಿಲಲ್ಲಿ ಜಾರಿ ಬಿದ್ದವಳು ಮತ್ತೆ ಏಳಲಿಲ್ಲ. ಮೂಳೆ ಮುರಿದಿರಲಿಲ್ಲ, ಶಕ್ತಿ ಮುಗಿದಿತ್ತು. ಊಟ ಬಿಟ್ಟಳು, ಗಂಜಿಯೂ ಎರಡು ಗುಟುಕಿಗೆ ಬಂತು. ನೋಡಲು ನೆಂಟರು ಬಂದರು, ಅಣ್ಣನ ಸ್ನೇಹಿತರಾದ ಶಿರಾದ ಉಣ್ಣೆ ವ್ಯಾಪಾರಿ ಸಾಹೇಬರೂ ಬಂದರು. ಬಂದವರ ಮುಖ ಸಪ್ಪಗಿದ್ದುದನ್ನು ನೋಡಿ ಅಣ್ಣ ಅಂಗಳದಲ್ಲಿ, ಒಳಗಿದ್ದ ಅವ್ವನಿಗೂ ಕೇಳುವಂತೆ, ಏಳನೆಯ ಕಥೆ ತೆಗೆದ. ಕಾಲೇಜಿನ ಪ್ರೊಫೆಸರು ಕಂಬಳಿಯ ಗಟ್ಟಿತನ ಅಳೆಯಲು ಅದನ್ನು ಯಂತ್ರಕ್ಕೆ ಕಟ್ಟಿದ್ದು, ಕಂಬಳಿ ಹರಿಯದೆ ಯಂತ್ರವೇ ಮುರಿದದ್ದು, ಕಂಬಳಿಗೆ ಗಾಜಿನ ಬೀರುವಿನಲ್ಲಿ ಸನ್ಮಾನದ ಜಾಗ ಸಿಕ್ಕಿದ್ದು. ಸಾಹೇಬರು ಬಿದ್ದು ಬಿದ್ದು ನಕ್ಕು, ನಿಮ್ಮ ಕಂಬಳಿ ದುನಿಯಾ ನೋಡಿಬಿಡ್ತು ಅಂದರು.

ನನಗೆ ತಡೆಯಲಾಗಲಿಲ್ಲ. ಅಣ್ಣನ ಕೋಟಿನ ತೋಳು ಹಿಡಿದು ಕುರಿದೊಡ್ಡಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಅದು ಯಾವ ಕಂಬಳಿ ಅಂತ ನಿನಗೆ ಗೊತ್ತೇನು ಅಂದೆ. ಅವ್ವ ತನಗಾಗಿ ನೂತು, ಅಪ್ಪ ನೇಯ್ದು, ಪೆಟ್ಟಿಗೆಯಲ್ಲಿಟ್ಟಿದ್ದ ಕಂಬಳಿ ಅಂದೆ. ಇವತ್ತೋ ನಾಳೆಯೋ ಅವಳು ಹೋದರೆ ಮೇಲೆ ಏನು ಹೊದಿಸುತ್ತೀಯ, ನಿನ್ನ ಏಳು ಕಥೆಗಳನ್ನು ಹೊದಿಸುತ್ತೀಯಾ ಅಂದೆ. ಆ ಮಾತನ್ನು ನಾನು ಆಡಬಾರದಿತ್ತು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅಣ್ಣ ದೊಡ್ಡಿಯ ಕಂಬ ಹಿಡಿದುಕೊಂಡ.

"ಬೇವಿನ ಸೊಪ್ಪಿನ ವಾಸನೆ ಇತ್ತು ಕಣೋ" ಅಂದ. "ಮೂರು ವರ್ಷ ಇತ್ತು. ಹುಳ ಹೊಡೀದೇ ಇರ್ಲಿ ಅಂತ ಹಾಕವ್ಳೆ ಅಂದ್ಕಂಡಿದ್ದೆ."

ಟೋಪಿ ಅಲ್ಲೇ ಬಿಟ್ಟು ಒಳಗೆ ಹೋದ. ಹಿಂದೆಯೇ ನಾನೂ ಹೋದೆ. ಮಧ್ಯಾಹ್ನದ ಹೊತ್ತು, ಹೆಂಚಿನ ಸಂದಿಯಿಂದ ಬಿಸಿಲು ಅವ್ವನ ಕಾಲ ಮೇಲೆ ಬಿದ್ದಿತ್ತು. ಅಣ್ಣ ಅವಳ ತಲೆಯ ಹತ್ತಿರ ಕೂತ. ಅವನ ಉಸಿರಿನಿಂದಲೇ ಅವ್ವನಿಗೆ ತಿಳಿಯಿತೋ ಏನೋ, ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಆ ಅಮ್ಮ ತೀರ್ಕಂಡ್ಲಾ ದೊಡ್ಡೋನೆ?"

ಅಣ್ಣ ಹೂಂ ಅಂದ.

"ಏಳು ಕತೆ ಹೇಳ್ದೆ. ಒಂದ್ರಲ್ಲೂ ಅವಳ್ಗೆ ಹೋಗ್ಬತ್ತೀನಿ ಅಂದಿದ್ದು ಹೇಳ್ನಿಲ್ಲ. ಅಷ್ಟು ಅನ್ನ ಹಾಕ್ದೋಳ್ಗೆ ಹೇಳ್ದೆ ಬರೋ ಮಗ ಅಲ್ಲ ನೀನು."

ಆಗ ಅಣ್ಣ ನಿಜ ಹೇಳಿದ. ಆ ಮೂರನೆಯ ಚಳಿಗಾಲ ಮನೆಯಮ್ಮನಿಗೆ ಎದೆ ಕಟ್ಟಿ ಜ್ವರ ಬಂತು. ಡಾಕ್ಟರು ಬಂದು ಹೋದರು. ಎಷ್ಟು ಬೆಂಕಿ ಹಾಕಿದರೂ ಚಳಿ ಚಳಿ ಅನ್ನುತ್ತಿದ್ದಳು. ಅಣ್ಣ ಕಂಬಳಿ ಹೊದಿಸಿ ಹನ್ನೊಂದು ದಿನ ಪಕ್ಕದಲ್ಲಿ ಕೂತ. ಹೊಸಿಲ ಕಲ್ಲು ಕೊಳೆಯಾಗಿರುತ್ತದೆ ಅಂತ ಅವಳು ಕೊರಗಿದಳು. ಅಣ್ಣ ಬೆಳಿಗ್ಗೆ ಎದ್ದು ಮಂಡಿಯೂರಿ ಅದನ್ನು ಉಜ್ಜಿ ಬಂದ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರಂತೆ, ಯಾರೂ ನಗಲಿಲ್ಲವಂತೆ. ಕೊನೆಗೆ ಅವಳು ದೊಡ್ಡ ಮಗನ ಕೋಟನ್ನು ಪೆಟ್ಟಿಗೆಯಿಂದ ತೆಗೆಸಿ, ಇದು ಪೆಟ್ಟಿಗೆಯಲ್ಲಿದ್ದು ಯಾರಿಗೆ ಬೆಚ್ಚಗಾಗುತ್ತದೆ, ನೀನು ಹಾಕಿಕೋ ಅಂದಳು. ಮಾರನೆಯ ದಿನ ಹೋಗಿಬಿಟ್ಟಳು. ಮಣ್ಣಿಗೆ ಒಯ್ಯುವವರು ಬಂದು ಕಂಬಳಿ ತೆಗೆಯಹೋದಾಗ ಅಣ್ಣ ತೆಗೆಯಗೊಡಲಿಲ್ಲ. ನಮ್ಮಲ್ಲಿ ಮಗ ಹೊದಿಸಿದ್ದನ್ನು ಯಾರೂ ತೆಗೆಯುವುದಿಲ್ಲ ಅಂದನಂತೆ.

"ನೀನು ಬದ್ಕಿರೋವಾಗ ಇನ್ನೊಬ್ರಿಗೆ ಮಗನ ಕೆಲ್ಸ ಮಾಡ್ಬುಟ್ಟೆ ಅವ್ವಾ. ನಿಂಗೇನಾದ್ರೂ ಕೇಡಾದಾತು ಅಂತ ಬಾಯ್ಬುಡ್ನಿಲ್ಲ" ಅಂದ ಅಣ್ಣ. ಯಂತ್ರಗಳ ವಿಷಯವನ್ನೆಲ್ಲ ಓದಿ ಡಿಪ್ಲೊಮಾ ತಂದವನು ಈ ಹೆದರಿಕೆಯನ್ನು ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಮೇಲೆ ಕಥೆ ಕಟ್ಟಿಕೊಂಡು ತಿರುಗಿದ್ದ. "ಅದು ನಿನ್ ಕಂಬ್ಳಿ ಅಂತ ನಂಗೆ ಗೊತ್ತಿರ್ಲಿಲ್ಲ."

ಅವ್ವ ಕೈ ಚಾಚಿ ಕೋಟಿನ ತೋಳನ್ನು ಹುಡುಕಿ ಹಿಡಿದುಕೊಂಡಳು. ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ಸಂತೆಯಲ್ಲಿ ಉಣ್ಣೆ ನೋಡುವ ಹಾಗೆ.

"ಅವಳ್ಗೆ ಚಳಿ ಬುಡ್ತಾ?"

"ಬುಡ್ತು ಅವ್ವಾ. ಕೊನೇ ದಿನ ಹಣೆ ಬೆವರಿತ್ತು."

"ಮತ್ತೆ! ನಿಮ್ಮಪ್ಪನ ನೇಯ್ಗೆ" ಅಂದಳು. ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಅಂಗಾದ್ರೆ ನಾನು ಹೋದ್ಮ್ಯಾಕೆ ಅಲ್ಲಿ ನಂಗೆ ಗುರ್ತಿನೋರು ಒಬ್ರವ್ರೆ. ಅಂಚು ಸೊಟ್ಟ ಇರೋ ಕಂಬ್ಳಿ ಯಾರು ಹೊದ್ದವ್ರೆ ನೋಡಿದ್ರಾತು. ಅಲ್ಲಿ ಕಣ್ಣು ಕಾಣ್ತಾವಂತೆ."

ನಾನು ಗೋಡೆ ಕಡೆ ತಿರುಗಿಕೊಂಡೆ. ಹನ್ನೆರಡು ವರ್ಷ ಹಲ್ಲು ಕಡಿದದ್ದು ಯಾರ ಮೇಲೆ ಅನ್ನಿಸಿ ಅಳು ಬಂತು.

ಅವತ್ತೇ ಸಂಜೆ ಅಣ್ಣ ರಾಗಿ ಮೂಟೆಗಳನ್ನು ಸರಿಸಿ ಮಗ್ಗದ ಗುಂಡಿಯ ಹಲಗೆ ತೆಗೆದ. ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದ. ಕೋಟಿಲ್ಲದ ಅಣ್ಣನನ್ನು ನೋಡಿ ನನ್ನ ಮಕ್ಕಳು ಯಾರಪ್ಪಾ ಇವರು ಅಂತ ಕೇಳಿದವು. ನನ್ನ ಹೆಂಡತಿ ಹುಣಸೆ ಬೀಜ ಹುರಿದು ಕುಟ್ಟಿ ಗಂಜಿ ಕಾಸಿದಳು. ಅವ್ವ ಕುರುಡುಗಣ್ಣಲ್ಲಿ ನೂತಿಟ್ಟ ಉಂಡೆಗಳು ಒಂದು ಬುಟ್ಟಿ ಇದ್ದವು. ನಾಲ್ಕು ತಾಲ್ಲೂಕಿನ ನೇಕಾರರಿಗೆ ಬುದ್ಧಿ ಹೇಳುವ ಇನ್‌ಸ್ಪೆಕ್ಟರಿಗೆ ಕೈಮಗ್ಗ ಮರೆತೇಹೋಗಿತ್ತು! ಹೆಜ್ಜೆಹೆಜ್ಜೆಗೂ ಎಳೆ ಹರಿಯಿತು. ಅಪ್ಪ ಮಾಡುತ್ತಿದ್ದ ಹಾಗೆ ಎಂಜಲು ಹಚ್ಚಿ ಹೊಸೆದು ಸೇರಿಸಿದ. ಮಾರನೆಯ ದಿನ ಬೆಳಗಿನಿಂದ ಸಂಜೆಯ ತನಕ ಮಗ್ಗ ಸದ್ದು ಮಾಡಿತು. ಒಳಗಿನಿಂದ ಅವ್ವ ಏಟು ಬಿಗಿಯಾಗಿ ಬೀಳುತ್ತಿಲ್ಲ ಅನ್ನುತ್ತಿದ್ದಳು, ಸೀಮೆಗೆ ಹೋಗಿ ಕೈ ಕೆಡಿಸಿಕೊಂಡು ಬಂದ ಅನ್ನುತ್ತಿದ್ದಳು. ಬೈಯಲು ವಿಷಯ ಸಿಕ್ಕಿತೆಂದೋ ಏನೋ ಅವತ್ತು ನಾಲ್ಕು ಗುಟುಕು ಗಂಜಿ ಕುಡಿದಳು.

ಮೂರನೆಯ ದಿನ ನೂಲು ಮುಗಿಯಿತು. ಕಂಬಳಿ ಒಂದು ಮೊಳ ಗಿಡ್ಡವಾಗಿತ್ತು. ಅಣ್ಣ ಅದನ್ನು ತಂದು ಅವ್ವನ ಕೈಗೆ ಕೊಟ್ಟ. ಅವಳು ಅಂಚಿನುದ್ದಕ್ಕೂ ಬೆರಳು ಓಡಿಸಿದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲೂ ಸೊಟ್ಟ" ಅಂದಳು. "ಸೀನು ಬಂತಾ?"

"ನಿದ್ದೆ ಅವ್ವಾ" ಅಂದ ಅಣ್ಣ.

ಅವ್ವ ನಕ್ಕಳು. ಅದು ಅವಳ ಕೊನೆಯ ನಗು. ಮತ್ತೆ ಎರಡು ದಿನಕ್ಕೆ, ಬೆಳಿಗ್ಗೆ ನನ್ನ ಹೆಂಡತಿ ಹೊಸಿಲು ಸಾರಿಸಿ ಒಳಗೆ ಬರುವ ಹೊತ್ತಿಗೆ ಅವ್ವ ಹೋಗಿಬಿಟ್ಟಿದ್ದಳು. ಅಣ್ಣ ಕಂಬಳಿ ಹೊದಿಸಿದ. ಒಂದು ಮೊಳ ಗಿಡ್ಡ ಅಂತ ನಾನು ಹೆದರಿದ್ದೆ. ಅವ್ವನೂ ಅಷ್ಟರಲ್ಲಿ ಗಿಡ್ಡವಾಗಿಬಿಟ್ಟಿದ್ದಳು. ಸರಿಹೋಯಿತು.

ಆಮೇಲೆ ಇನ್ನೊಂದು ಮಹಾಯುದ್ಧ ಬಂತು, ಅದೂ ಮುಗಿಯಿತು. ಅಣ್ಣ ಕೆಲಸದಿಂದ ನಿವೃತ್ತನಾಗಿ ನಮ್ಮ ಜೊತೆಗೇ ಇದ್ದಾನೆ. ಕೋಟಿನ ಮೊಣಕೈ ಹರಿದು ಕಂಬಳಿಯ ತೇಪೆ ಬಿದ್ದಿದೆ. ಈಗಲೂ ಹೆಂಗಸರಿಗೆ ಟೋಪಿ ಎತ್ತುತ್ತಾನೆ, ಆದರೆ ಈಗ ಅವರು ಓಡುವುದಿಲ್ಲ. ಎಲ್ಲಿ, ಆ ಕಂಬಳಿ ಕಳೆದ ಕಥೆ ಹೇಳಿ ಅಂತ ಯಾರಾದರೂ ಕೇಳಿದರೆ, ಕಳೆದಿಲ್ಲವಲ್ಲ ಅಂದುಬಿಡುತ್ತಾನೆ. ಕೇಳಿದವರಿಗೆ ನಿರಾಶೆಯಾಗುತ್ತದೆ.

ಮೊನ್ನೆ ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದೆವು. ಅಣ್ಣ ಇದ್ದಕ್ಕಿದ್ದಂತೆ, "ಗುರ್ತು ಹಿಡಿದಿರ್ತಾರೆ ಅಂತೀಯಾ?" ಅಂದ.

ಯಾರು ಯಾರನ್ನು ಅಂತ ನಾನು ಕೇಳಲಿಲ್ಲ. "ಹಿಡಿದ್ರೂ ಏನಣ್ಣಾ ಪ್ರಯೋಜನ? ಮನೆಯಮ್ಮನ ಮಾತು ಅವ್ವನಿಗೆ ಬಾರದು, ಅವ್ವನ ಮಾತು ಮನೆಯಮ್ಮನಿಗೆ ಬಾರದು. ಅಷ್ಟು ಹೊತ್ತು ಕೂತು ಏನು ಮಾತಾಡ್ತಾರೆ?" ಅಂದೆ.

"ಇನ್ನೇನು ಮಾತಾಡ್ತಾರೆ? ನನ್ನ ಬೈತಾ ಕೂತಿರ್ತಾರೆ" ಅಂದ ಅಣ್ಣ. ಅಂದವನು ಬಾಯಾರಿಕೆ ಅಂತ ನೀರು ಕುಡಿಯಲು ಎದ್ದು ಒಳಗೆ ಹೋದ. ಈ ಸಲ ಅವನ ಹಿಂದೆಯೇ ನಾನೂ ಎದ್ದೆ. ನನಗೂ ಬಾಯಾರಿತ್ತು.